ಕಾಗೆ ಮುಟ್ಟುವ ಹೊತ್ತು

"ಇಷ್ಟೆಲ್ಲಾ ಫೋಟೋ ತಗಿಯಾಕ ನಿಮಗ ಟಾಯಂ ಹೆಂಗ ಸಿಗತೈತ್ರಿ?" ಎಂದು ಯಾರಾದರೂ ಕೇಳಿದರೆ ನನಗೆ ಒಳಗೊಳಗೇ ಹಿಗ್ಗು. ಮುಖ ಗಂಭೀರ ಮಾಡಿಕೊಂಡು, "ಸಿಗೂದಿಲ್ರಿ, ಮಾಡ್ಕೋಬೇಕು" ಎನ್ನುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು. ನನಗೂ ನಾನೇ ದೊಡ್ಡ ಮನುಷ್ಯನಾಗಿ ಕಾಣುತ್ತಿದ್ದೆ.

ನಾನು ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಕೆಲಸ ಮಾಡುವವನು. ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೂ ನಿಲ್ಲುತ್ತದೆ. ಮೂಗು ಕೆರೆದುಕೊಳ್ಳಲೂ ಪುರಸೊತ್ತಿಲ್ಲ. ಅದರ ನಡುವೆಯೂ ಎತ್ತಿನ ಕೊಂಬಿಗೆ ಕಟ್ಟಿದ ರಿಬ್ಬನ್ನು, ಚಿಮಣಿಯ ಹೊಗೆಯೊಳಗೆ ಕೆಂಪಾಗುವ ಸೂರ್ಯ, ಕೃಷ್ಣೆಯ ಮೇಲಿನ ಮಂಜು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ವಾಟ್ಸ್ಯಾಪಿಗೆ ಹಾಕುತ್ತಿದ್ದೆ. ಬೆಳಗಿನ ಬೆಳಕು ಒಮ್ಮೆ ಹೋಯಿತೆಂದರೆ ಹೋಯಿತು, ಅದಕ್ಕಾಗಿ ಬೇರೆಲ್ಲ ಬಿಡಬೇಕು ಎಂಬ ಸಿದ್ಧಾಂತವೂ ನನ್ನಲ್ಲಿತ್ತು.

ಬೇರೆಲ್ಲವನ್ನು ನಾನು ಬಿಡುತ್ತಿದ್ದೆ, ನನ್ನ ಹೆಂಡತಿ ಶೋಭಾ ಹಿಡಿದುಕೊಳ್ಳುತ್ತಿದ್ದಳು. ನಾನು ಹೊಳೆಯ ದಂಡೆಯಲ್ಲಿ ಕೊಕ್ಕರೆ ರೆಕ್ಕೆ ಬಿಚ್ಚಲೆಂದು ಕಾಯುತ್ತಿದ್ದಾಗ ಅವಳು ಎಮ್ಮೆಯ ಹಾಲು ಹಿಂಡಿ, ನೀರು ತುಂಬಿಸಿ, ನನ್ನ ಡಬ್ಬಿಗೆ ರೊಟ್ಟಿ ಕಟ್ಟಿಟ್ಟಿರುತ್ತಿದ್ದಳು. ಕಳೆದ ಹಂಗಾಮಿನಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ. ಈಗ ಬೆಳಕು ಬರುವ ಹೊತ್ತಿಗೆ ನಾನು ಎಮ್ಮೆಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಿರುತ್ತೇನೆ. ಅದು ನನ್ನ ಕೈ ಗುರುತು ಹಿಡಿಯದೆ ಒದೆಯುತ್ತದೆ. ಹಾಲು ಕಾಸಿ ಮುಗಿಸಿ ಹೊರಗೆ ಬಂದರೆ ಬಿಸಿಲು ನೆತ್ತಿಗೇರಿರುತ್ತದೆ. ದಿನಾ ಇನ್ನೊಬ್ಬರ ಕಬ್ಬು ತೂಗುವ ನನಗೆ, ನಾನು 'ಮಾಡಿಕೊಂಡ' ಹೊತ್ತು ಯಾರ ದಿನದಿಂದ ಕಡಿದು ತಂದದ್ದು ಎಂಬುದು ಅವಳಿರುವವರೆಗೆ ತಿಳಿಯಲಿಲ್ಲ.

ಇದಕ್ಕೂ ದೊಡ್ಡ ನಾಚಿಕೆ ಇನ್ನೊಂದಿದೆ. ಅದು ಅವಳ ಮೂರನೆಯ ದಿನದ್ದು.

ನಮ್ಮ ಕಡೆ ಮೂರನೆಯ ದಿನ ಹೊಳೆಯ ದಂಡೆಯಲ್ಲಿ, ಹೋದವರಿಗೆ ಇಷ್ಟವಾದುದನ್ನೆಲ್ಲ ಎಲೆಯಲ್ಲಿಟ್ಟು, ದೂರ ಸರಿದು ಕೈಮುಗಿದು ನಿಲ್ಲುತ್ತಾರೆ. ಕಾಗೆ ಬಂದು ಮುಟ್ಟಿದರೆ ಜೀವ ತೃಪ್ತಿಯಿಂದ ಹೋಯಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಅದನ್ನು ಊಹಿಸಿ, ನೆರವೇರಿಸುತ್ತೇವೆಂದು ಮಾತು ಕೊಡಬೇಕು. ಕಾಗೆಗೆ ಒಂದೇ ಕಣ್ಣು, ಅದನ್ನೇ ಆಚೀಚೆ ಹೊರಳಿಸಿ ನೋಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಕ್ಯಾಮೆರಾಕ್ಕೂ ಒಂದೇ ಕಣ್ಣು. ಆವತ್ತು ಈ ಎರಡೂ ಒಂದಕ್ಕೊಂದು ಎದುರಾದವು.

ಎಲೆಯಲ್ಲಿ ಅನ್ನ, ಹೋಳಿಗೆ, ಅವಳ ಪ್ರೀತಿಯ ಮಿರ್ಚಿ ಭಜಿ, ಒಂದು ಬಟ್ಟಲು ಚಹಾ. ಎಲ್ಲರೂ ತಲೆ ತಗ್ಗಿಸಿದ್ದರು. ಜಾಲಿಗಿಡದಿಂದ ಒಂದು ಕಾಗೆ ಇಳಿಯಿತು. ಹಿಂದೆ ಹೊಳೆಯ ಮಂಜು, ಮಂಜಿನೊಳಗೆ ಆಗಷ್ಟೇ ಹೊಕ್ಕ ಬಿಸಿಲು, ಕಾಗೆಯ ಕತ್ತಿನ ಮೇಲೆ ಸಣ್ಣ ನೀಲಿ ಮಿಂಚು. ಅದು ಒಂದು ಕಾಲು ಮುಂದಿಟ್ಟು ಭಜಿಯ ಕಡೆ ಬಾಗಿತು. ನಾನು ಹೆಂಡತಿಯನ್ನು ಕಳೆದುಕೊಂಡು ಮೂರು ದಿನದಿಂದ ಅನ್ನ ಸೇರದೆ ನಿಂತಿದ್ದವನು. ಆದರೆ ಕೈಗೆ ಅದು ಗೊತ್ತಿರಲಿಲ್ಲ. ಜೇಬಿಗೆ ಹೋಯಿತು, ಮೇಲೆದ್ದಿತು, ಮೊಬೈಲು ಖಟಕ್ ಎಂದಿತು.

ಕಾಗೆ ಹಾರಿತು.

"ಅಯ್ಯ, ಹಾರೇ ಹೋತಲ್ಲೋ!" ಎಂದರು ಕಾಕಾ, ನನ್ನ ತಂದೆಯ ತಮ್ಮ. "ಏನರ ಇಚ್ಛಾ ಉಳದೈತಿ ಆಕೀದು."

ಯಾರೂ ನೋಡಿರಲಿಲ್ಲ; ಆ ಖಟಕ್ ಹೊಳೆಯ ಸದ್ದಿನಲ್ಲಿ ಮುಳುಗಿತ್ತು. ನಾನು ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದೆ. ಮಾತು ಕೊಡುವ ಕಾರ್ಯ ಶುರುವಾಯಿತು.

"ರೂಪಾನ ಲಗ್ನಾ ಜೋರ್ ಮಾಡ್ತೀವಿ, ಬಾರವಾ" ಎಂದರು ಕಾಕಾ. ರೂಪಾ ನಮ್ಮ ಮಗಳು, ಚಿಕ್ಕೋಡಿಯಲ್ಲಿ ಓದುತ್ತಾಳೆ. ಜಾಲಿಯ ಕೊಂಬೆಗೆ ಮರಳಿದ್ದ ಕಾಗೆ ಅಲುಗಲಿಲ್ಲ.

ಶಿರಗುಪ್ಪಿಯಿಂದ ಬಂದಿದ್ದ ನನ್ನ ಅಕ್ಕ ಮುಂದೆ ಬಂದಳು. "ಶೋಭಾ, ನಿನ್ನ ಎಮ್ಮಿ ಮಾರಾಕ ಬಿಡಂಗಿಲ್ಲವಾ. ಈ ನನ್ನ ತಮ್ಮಗ ಹಿಂಡಾಕ ಬರಲಿ ಬಿಡಲಿ, ಕಲಸ್ತೀನಿ."

ಕಾಗೆ ಬೆನ್ನು ತಿರುಗಿಸಿ ಕೂತಿತು.

ಆಗ ರೂಪಾ ಅಳತೊಡಗಿದಳು. "ನನ್ನ ಸಲುವಾಗಿ ಬರವಲ್ದು. ಅವ್ವ ಅವತ್ತ ಫೋನ್ ಹಚ್ಚಿದ್ಳು, ನಾ ಎತ್ತಲಿಲ್ಲ. ಆಮ್ಯಾಲ ಮಾಡಿದ್ರಾತು ಅಂದೆ. ಆಕಿ ನನ್ನ ಮ್ಯಾಲ ಸಿಟ್ಟಾಗಿ ಹೋಗ್ಯಾಳ."

ನಾನು ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕಾಕಾ ಸ್ವಲ್ಪ ಹೊತ್ತಿನಲ್ಲಿ ದರ್ಭೆಯಿಂದ ಕಾಗೆಯ ಆಕಾರ ಮಾಡಿ ಮುಟ್ಟಿಸುತ್ತಿದ್ದರು, ಎಲ್ಲರೂ ಮನೆಗೆ ಹೋಗುತ್ತಿದ್ದೆವು. ಆದರೆ ಆ ಹುಡುಗಿ ಬದುಕಿರುವವರೆಗೆ ಎತ್ತದ ಆ ಫೋನನ್ನು ಹೊತ್ತು ತಿರುಗುತ್ತಿದ್ದಳು. ಜೇಬಿನ ಮೊಬೈಲನ್ನು ಇನ್ನೊಮ್ಮೆ ಒಳಕ್ಕೆ ಒತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

"ಅವ್ವ ಸಿಟ್ಟಾಗಿಲ್ಲ ರೂಪಾ," ಎಂದೆ. "ಕಾಗಿ ಬಂದಿತ್ತು. ಬಾಯಿ ಹಾಕೂದರಾಗ ನಾ ಫೋಟೋ ತಗದೆ. ಅದಕ್ಕ ಹಾರಿತು."

ಎಲ್ಲರ ಕಣ್ಣೂ ನನ್ನ ಮೇಲೆ. ಕಾಟಾದ ಮೇಲೆ ನನ್ನನ್ನೇ ನಿಲ್ಲಿಸಿದಂತಾಯಿತು.

"ಹೆಂಡ್ತಿ ಮೂರು ದಿನದ ಕೂಳಿನಾಗೂ ಫೋಟೋ ಏನೋ ನಿನಗ?" ಅಕ್ಕ ಕೈ ಚಾಚಿದಳು. "ತಾ ಇಲ್ಲೆ ಆ ಹಾಳ ಮೊಬೈಲ್!"

ಕೊಟ್ಟೆ. ಅದನ್ನು ಕಲ್ಲಿಗೆ ಅಪ್ಪಳಿಸುತ್ತಾಳೆಂದುಕೊಂಡೆ. ಅಕ್ಕ ಕಣ್ಣು ಕಿರಿದು ಮಾಡಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಕಾಗಿ ಎಲ್ಲೈತೋ ಇದರಾಗ? ಬರೇ ಭಜಿ ಬಂದಾವಲ್ಲೋ!"

ಕಾಕಾ ಇಣುಕಿದರು. "ಭಜಿ ಮಾತ್ರ ಚಲೋ ಬಂದಾವ" ಎಂದರು ಪ್ರಾಮಾಣಿಕವಾಗಿ. ಕಾಗೆಯ ಜಾಗದಲ್ಲಿ ಒಂದು ಕಪ್ಪು ಗೀರು, ಅಷ್ಟೇ.

ಮೊದಲು ನಕ್ಕದ್ದು ಯಾರೋ ತಿಳಿಯದು. ರೂಪಾ ಸೆರಗಿನಂತೆ ಓಢಣಿಯನ್ನು ಬಾಯಿಗೊತ್ತಿಕೊಂಡಳು, ಅಳುವೂ ನಗುವೂ ಒಂದೇ ಬಿಕ್ಕಾಗಿ ಬಂತು. ಅಕ್ಕ ನಗಬಾರದೆಂದು ಮತ್ತಷ್ಟು ಬೈದಳು, ಬೈಯುತ್ತಲೇ ನಕ್ಕಳು. ಈ ಗದ್ದಲದ ನಡುವೆ ಕಾಗೆ ಇಳಿದು ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ದೊಡ್ಡದೊಂದು ಭಜಿಯನ್ನೇ ಆರಿಸಿ ಎತ್ತಿತು.

"ನೋಡ್ರಿ, ನಗೂದ ಬೇಕಾಗಿತ್ತು ಆಕಿಗೆ" ಎಂದು ಕಾಕಾ ತೀರ್ಪು ಕೊಟ್ಟರು. ಇರಬಹುದು. ಕಾಗೆಗೆ ಹಸಿವಾಗಿದ್ದರೂ ಇರಬಹುದು. ಶೋಭಾ ಬಲ್ಲಳು.

ಭಜಿ ಕಚ್ಚಿಕೊಂಡ ಕಾಗೆ ಹೊಳೆಯ ಕಡೆ ಹಾರಿತು. ಮಂಜು ಸೀಳಿ ಬಂದ ಬಿಸಿಲು ಅದರ ರೆಕ್ಕೆಯ ಅಂಚಿಗೆ ಹತ್ತಿತು. ಅಷ್ಟೆಲ್ಲ ಆದ ಮೇಲೂ ನನ್ನ ಕಣ್ಣು ಅದನ್ನೇ ಅಳೆಯುತ್ತಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಪಕ್ಕದಲ್ಲಿ ರೂಪಾ, ಅಕ್ಕನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು: "ಪಪ್ಪಾ, ಬೆಳಕ ಭಾಳ ಚಲೋ ಐತಲ್ಲಾ?"

ಹೌದೆಂದು ತಲೆಯಾಡಿಸಿದೆ. ನನ್ನ ನಾಚಿಕೆ ಕಡಿಮೆಯಾಗಲಿಲ್ಲ. ಆದರೆ ಅದರ ಒಂದು ತುದಿಯನ್ನು ಈಗ ಮಗಳೂ ಹಿಡಿದಿದ್ದಳು.