ಹಲ್ಲುನೋವಿನ ಕೂಗು

ಫೆಬ್ರವರಿಯ ಹಿಮ ಕಿಟಕಿಯ ಅರ್ಧದವರೆಗೆ ಏರಿರುವಾಗಲೇ ಹೆಡ್ಲಿ ಬಜೆಲ್ ಅಕ್ಟೋಬರಿನ ಬೇಟೆಯ ಏರ್ಪಾಡಿಗೆ ಕೂತುಬಿಡುತ್ತಿದ್ದ. ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರವಿ, ಕಿವಿಗೆ ಫೋನು ಒತ್ತಿಕೊಂಡು, ಅಮೆರಿಕದ ಬೇಟೆಗಾರರ ಜೊತೆ ಮಾತು. ಯಾವ ವಾರ ಬರುವುದು, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಎಷ್ಟು ಸಾಮಾನು ಹೊರುತ್ತದೆ, ಮಂಡಿನೋವಿನವರು ಎಷ್ಟು ನಡೆಯಬೇಕಾದೀತು. ಹೊರಗಿನವರು ಗೈಡ್ ಇಲ್ಲದೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೂಸ್ ಎಂಬ ಭಾರೀ ಕೊಂಬಿನ ಜಿಂಕೆಯನ್ನು ಹೊಡೆಯುವಂತಿಲ್ಲ, ಆ ಕಾನೂನಿನಿಂದಲೇ ಹೆಡ್ಲಿಯ ಸಂಸಾರ ನಡೆಯುತ್ತಿತ್ತು. ಎಲ್ಲ ಹೇಳಿಯಾದ ಮೇಲೆ ತುರುಪಿನ ಎಲೆ ಇಳಿಸುವವನ ಹಾಗೆ, "ಆಮೇಲೆ ಸಾರ್, ಕೂಗೋದು ನನ್ನ ಹೆಂಡ್ತಿ," ಎನ್ನುತ್ತಿದ್ದ.

ಒಲೆಯ ಪಕ್ಕ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಹೆಂಡತಿ ಟ್ರಿಫಿಗೆ ಆ ಮಾತು ಕೇಳಿದಾಗಲೆಲ್ಲ ಕೊರಳಿಗೆ ಹಗ್ಗ ಬಿದ್ದಂತಾಗುತ್ತಿತ್ತು.

ಈ ಕೂಗು ಅವಳಿಗೆ ಬಂದದ್ದು ಹಲ್ಲುನೋವಿನಿಂದ. ಮದುವೆಯಾದ ವರ್ಷ, ಕಾಡಿನ ನಡುವಿನ ಕೆರೆಯ ದಡದಲ್ಲಿ ಹೆಡ್ಲಿಯ ಬೇಟೆ ಕ್ಯಾಂಪು, ಅವಳು ಅಲ್ಲಿಗೆ ಅಡುಗೆಯವಳು. ದವಡೆಹಲ್ಲು ಕೀವು ಕಟ್ಟಿಕೊಂಡಿತ್ತು. ಮಂಜು ಕವಿದು ವಿಮಾನ ಬರುವ ಹಾಗಿರಲಿಲ್ಲ, ದಾರಿಯಂತೂ ಮೊದಲೇ ಇಲ್ಲ. ಬಿಸಿ ಉಪ್ಪಿನ ಗಂಟನ್ನು ಕೆನ್ನೆಗೆ ಒತ್ತಿಕೊಂಡು ಸೌದೆ ರಾಶಿಯ ಮೇಲೆ ಕೂತು ಟ್ರಿಫಿ ಮೂಗಿನಲ್ಲಿ ಉದ್ದಕ್ಕೆ ನರಳಿದಳು. ಅದು ಮೂಸ್‌ಗಳಿಗೆ ಮದವೇರುವ ಕಾಲ. ಹೆಣ್ಣೊಂದು ಕರೆಯುತ್ತಿದೆ ಎಂದುಕೊಂಡು ಕುದುರೆಗಿಂತ ಎತ್ತರದ ಗಂಡು ಮೂಸ್ ಗಿಡಗಂಟಿ ಮುರಿದುಕೊಂಡು ಅಂಗಳಕ್ಕೇ ಬಂತು. ಬಟ್ಟೆ ಒಣಗಿಸುವ ಹಗ್ಗಕ್ಕೆ ಕೊಂಬು ಸಿಕ್ಕಿಸಿಕೊಂಡು, ಹೆಡ್ಲಿಯ ಉಣ್ಣೆ ಒಳಚಡ್ಡಿಯನ್ನು ಮುಡಿದುಕೊಂಡು ವಾಪಸು ಕಾಡಿಗೆ ಹೋಯಿತು. ಕ್ಯಾಂಪಿನ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳ ಬೆನ್ನು ತಟ್ಟಿದರು. ಹಲ್ಲಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಆಮೇಲೆ ಹಲ್ಲು ಕೀಳಿಸಿದ್ದಾಯಿತು, ಕೂಗು ಉಳಿಯಿತು. ಪ್ರತಿ ಅಕ್ಟೋಬರಿನಲ್ಲೂ ಅಡುಗೆಯ ಜೊತೆಗೆ ಇದೂ ಅವಳ ತಲೆಗೇ ಬಂತು. ಗಂಡು ಮೂಸ್ ನಂಬಿಕೊಂಡು ಬರುತ್ತಿದ್ದ ರೀತಿ ಅವಳಿಗೆ ಸೇರುತ್ತಿರಲಿಲ್ಲ. ತಿನ್ನುವುದಕ್ಕೆ ಹೊಡೆಯುವುದು ಬೇರೆ, ಕರೆದು ಹೊಡೆಯುವುದು ಬೇರೆ ಎಂದು ಒಮ್ಮೆ ಗಂಡನಿಗೆ ಹೇಳಿ ನೋಡಿದಳು. "ಮುಂದಿನ ವರ್ಷ ಬಿಟ್ಬಿಡು ಕಣೇ," ಎಂದ ಹೆಡ್ಲಿ. ಪ್ರತಿ ವರ್ಷವೂ ಹಾಗೇ ಹೇಳಿದ.

ಇದನ್ನೆಲ್ಲ ತಮಾಷೆ ಮಾಡಲು ಹಕ್ಕಿದ್ದವಳು ಒಬ್ಬಳೇ, ಲೂಯಿಸ್‌ಪೋರ್ಟಿನಲ್ಲಿದ್ದ ಅಕ್ಕ ಮೆಲ್ವೀನಾ. "ಏನೇ ಕೂಗುರಾಣಿ, ನಿನ್ನ ಗಂಡುಗಳೆಲ್ಲ ಹೆಂಗಿದಾವೆ?" ಎಂದೇ ಅವಳು ಫೋನು ಶುರುಮಾಡುತ್ತಿದ್ದದ್ದು. "ಒಂದ್ಸಲ ಕೂಗೇ, ಕೇಳಣ" ಎಂದು ಕಾಡಿಸಿ, ಟ್ರಿಫಿ ಕೂಗಿದರೆ ಕೆಮ್ಮು ಬರುವಷ್ಟು ನಗುತ್ತಿದ್ದಳು. ತಾಯಿ ಸತ್ತ ಮೇಲೆ ಒಂದೇ ಹಾಸಿಗೆಯಲ್ಲಿ, ಒಂದೇ ಕಂಬಳಿಯಲ್ಲಿ ಬೆಳೆದವರು ಇಬ್ಬರೂ.

ಒಂದು ಬೇಸಿಗೆಯಲ್ಲಿ ಮೆಲ್ವೀನಾಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಕೊಯ್ಯುವ ಹಂತ ದಾಟಿದೆ ಎಂದರು ಡಾಕ್ಟರು. ಮೆಲ್ವೀನಾ ತಂಗಿಯನ್ನು ಕೇಳಿದ್ದು ಒಂದೇ: "ಕೊನೇಲಿ ನೀನು ಪಕ್ಕದಲ್ಲಿರು ಕಣೇ. ನಿಮ್ಮ ಭಾವ ಒಳ್ಳೆಯವ್ನೇ, ಆದ್ರೆ ಗಂಡಸ್ರಿಗೆ ಸುಮ್ನೆ ಕೂತ್ಕೊಳಕ್ಕೆ ಬರಲ್ಲ."

"ಈ ಸಲ ಕ್ಯಾಂಪಿಗೆ ನಾನು ಬರಲ್ಲ," ಎಂದಳು ಟ್ರಿಫಿ.

"ಅಯ್ಯೋ, ಬರ್ಬೇಡ ಬಿಡು. ಅಕ್ಕನ ಹತ್ರ ಇರು," ಎಂದ ಹೆಡ್ಲಿ. ಮನಸ್ಸಿನಿಂದಲೇ ಹೇಳಿದ, ಅದರಲ್ಲಿ ಸುಳ್ಳಿಲ್ಲ. ಆದರೆ ಅವನ ನಾಲಿಗೆಯಲ್ಲಿ 'ಇಲ್ಲ' ಎಂಬ ಪದವೊಂದು ಹುಟ್ಟಲೇ ಇಲ್ಲ, ಯಾರಿಗೂ. ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಕೆಸ್ಲರ್ ಫೋನು ಮಾಡಿದ. ವಯಸ್ಸಾದ, ಮರ್ಯಾದಸ್ಥ ಮನುಷ್ಯ, ಬೇರೆಯವರ ಕ್ಯಾಂಪುಗಳಿಗೆ ಮೂರು ವರ್ಷ ಬಂದು ಬರಿಗೈಲಿ ಹೋದವನು. "ಮಿಸೆಸ್ ಬಜೆಲ್ ಕೂಗಲ್ಲ ಅಂದ್ರೆ ನಾನ್ಯಾಕಪ್ಪಾ ಬರ್ಲಿ?" ಎಂದ.

ಹೆಡ್ಲಿ ಫೋನಿಟ್ಟು ನಕ್ಷೆಯನ್ನೇ ನೋಡುತ್ತಾ ಗೊಣಗಿದ. "ಸೋಮವಾರ ಕಾಡೊಳಗೆ ಹೋಗೋದು. ಗುರುವಾರ ವಿಮಾನ ದಿನಸಿ ತರತ್ತಲ್ಲ, ಅದ್ರಲ್ಲೇ ನೀನು ಹೊರಟ್ಬಿಡು. ಮಧ್ಯಾಹ್ನಕ್ಕೆ ಅಕ್ಕನ ಮನೆ. ಮೂರೇ ದಿನ ಕಣೇ."

ಟ್ರಿಫಿ ಆಗಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಗಂಡ ಜನರೆದುರು ಮಾತು ತಪ್ಪಿದವನಾಗುವುದನ್ನು ನೋಡಲಾರದ ಹೆಂಗಸು ಅವಳು, ಇಂಥವರನ್ನೇ ಲೋಕ ಹುಡುಕಿಕೊಂಡು ಬಂದು ಕಟ್ಟಿಹಾಕುತ್ತದೆ.

ಕ್ಯಾಂಪಿನಲ್ಲಿ ಮೊದಲ ಮೂರು ದಿನ ಗಾಳಿ. ಗಾಳಿಯಲ್ಲಿ ಕೂಗಿದರೆ ಪ್ರಯೋಜನವಿಲ್ಲ. ಟ್ರಿಫಿ ಉಪ್ಪುಮಾಂಸ, ಕೋಸು ಬೇಯಿಸಿದಳು, ಬ್ರೆಡ್ ಸುಟ್ಟಳು, ಕೆಸ್ಲರನ ಮಂಡಿಗೆ ಎಣ್ಣೆಯನ್ನೂ ಕಾಯಿಸಿಕೊಟ್ಟಳು. ಬುಧವಾರ ಸಂಜೆ ಸ್ಯಾಟಲೈಟ್ ಫೋನಿನಲ್ಲಿ ಮೆಲ್ವೀನಾ ಸಿಕ್ಕಳು. ಸ್ವರ ತೀರಾ ಇಳಿದುಹೋಗಿತ್ತು.

"ನಾಳೆ ಬರ್ತೀಯಲ್ಲ?"

"ಮಧ್ಯಾಹ್ನಕ್ಕೆ ನಿನ್ನ ಹಾಸಿಗೆ ಪಕ್ಕ ಇರ್ತೀನಿ."

"ಹಂಗಾದ್ರೆ ಕಾಯ್ತೀನಿ. ಒಂದ್ಸಲ ಕೂಗೇ, ಕೇಳಣ."

ಮೇಜಿಗೆ ಕೂತು ಕೆಸ್ಲರ್ ಚಹಾ ಕುಡಿಯುತ್ತಿದ್ದ. ಟ್ರಿಫಿಗೆ ನಾಚಿಕೆಯಾಯಿತು. "ನಾಳೆ ಎದುರಿಗೇ ಕೂಗ್ತೀನಿ, ಬಿಡು," ಎಂದಳು.

ಗುರುವಾರ ಬೆಳಗಾದರೆ ಗಾಳಿ ನಿಂತಿತ್ತು, ಮಂಜು ಇಳಿದಿತ್ತು. ಕೆರೆ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಗೊತ್ತಾಗುತ್ತಿರಲಿಲ್ಲ. ಟ್ರಿಫಿ ಕೋಟು ತೊಟ್ಟು, ಚೀಲ ಹಿಡಿದು ದೋಣಿಕಟ್ಟೆಯ ಹಲಗೆಯ ಮೇಲೆ ಕತ್ತಲಾಗುವವರೆಗೂ ಕೂತಳು. ವಿಮಾನ ಬರಲಿಲ್ಲ. ಹೆಡ್ಲಿ ಎರಡು ಸಲ ಚಹಾ ತಂದುಕೊಟ್ಟ, ಖಾಲಿ ಲೋಟ ಹಿಡಿದು ವಾಪಸು ಹೋದ. ನಡೆದು ಹೊರಟರೆ ಎಷ್ಟು ಹೊತ್ತು ಎಂದು ಅವಳೇ ಮನಸ್ಸಿನಲ್ಲಿ ಅಳೆದಳು. ಜೌಗು, ಹಳ್ಳ, ಮತ್ತೆ ಜೌಗು.

ಶುಕ್ರವಾರ ಬೆಳಗ್ಗೆಯೂ ಮಂಜು ಕದಲಲಿಲ್ಲ. ಹೆಡ್ಲಿ ಕೆಸ್ಲರನನ್ನು ಕರೆದುಕೊಂಡು ಗುಡಿಸಲಿನ ಹಿಂದೆಯೇ ಇದ್ದ ಪುಟ್ಟ ದಿಬ್ಬಕ್ಕೆ ಹೋಗಿದ್ದ. ಫೋನು ಬಡಿದುಕೊಂಡಿತು. ಭಾವ.

"ಟ್ರಿಫಿ... ಹೋದ್ಲಮ್ಮಾ. ಈಗಷ್ಟೇ. ನೀನು ಬಂದ್ಯಾ ಅಂತ ಕೇಳ್ತಾನೇ ಇದ್ಲು."

ಅವಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು, ಒಲೆಯ ಮೇಲಿನ ಬಾಣಲೆ ಇಳಿಸಿದಳು. ಹೊರಗೆ ಬಂದು ಸೌದೆ ರಾಶಿಯ ಮೇಲೆ ಕೂತಳು. ಆಗ ಹೊಟ್ಟೆಯೊಳಗಿನಿಂದ ಅದು ಬಂತು. ತಾನು ಅಳುತ್ತಿದ್ದೇನೆಂದು ಅವಳಿಗೆ ತಿಳಿಯುವ ಮೊದಲೇ ಉದ್ದಕ್ಕೆ, ಕೆರೆಯ ಆಚೆ ದಡ ಮುಟ್ಟುವ ಹಾಗೆ ಬಂತು.

ಮಂಜಿನೊಳಗೆ ನೀರು ಚೆಲ್ಲಾಡಿದ ಸದ್ದಾಯಿತು. ಗಂಡು ಮೂಸ್ ಒಂದು ದಡ ಹತ್ತಿ ನಿಂತು, ಕಿವಿ ಮುಂದೆ ಮಾಡಿ ಅವಳನ್ನೇ ನೋಡಿತು. ಅಷ್ಟು ಹತ್ತಿರದಿಂದ ಆ ಬೆಳಗ್ಗೆ ಅವಳನ್ನು ನೋಡಿದ್ದು ಅದೊಂದೇ ಜೀವ.

ಬೆನ್ನ ಹಿಂದೆ ದಿಬ್ಬದಿಂದ ಹೆಡ್ಲಿ ಪಿಸುಗುಟ್ಟಿದ. "ಇನ್ನೊಂದ್ಸಲ! ಟ್ರಿಫಿ, ಇನ್ನೊಂದ್ಸಲ!"

ಅವಳು ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡಳು. ಆದರೂ ತಡೆಯಲಾಗಲಿಲ್ಲ. ಎರಡನೆಯದೂ ಬಂತು. ಮೂಸ್ ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಬಂತು, ಕೆಸ್ಲರನ ಬಂದೂಕು ಹಾರಿತು.

ಹೆಡ್ಲಿ ಓಡಿಬಂದು ಅವಳನ್ನು ತಬ್ಬಿಕೊಂಡ. "ಇಷ್ಟು ವರ್ಷದಲ್ಲಿ ಹಿಂಗೆ ಕೂಗಿರ್ಲಿಲ್ಲ ಕಣೇ ನೀನು!"

"ಮೆಲ್ವೀನಾ ಹೋದ್ಲು," ಎಂದಳು ಅವಳು.

ಹೆಡ್ಲಿಯ ತೋಳು ಸಡಿಲವಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ದಿಬ್ಬದ ಮೇಲಿಂದ ಕೆಸ್ಲರ್ ಸಂತೋಷಕ್ಕೆ ಕೈಬೀಸುತ್ತಿದ್ದ. ಮಾಂಸ ಕೆಡುವ ಮೊದಲು ಬಿಡಿಸಬೇಕಿತ್ತು, ಬಿಡಿಸಿದರು. ಮಂಜು ಶನಿವಾರವೂ ಏಳಲಿಲ್ಲ, ಊಟದ ಹೊತ್ತಿಗೆ ಟ್ರಿಫಿ ಆಲೂಗಡ್ಡೆ ಬೇಯಿಸಿದಳು. ಅಕ್ಕನನ್ನು ಹೂಳುವಾಗಲೂ ಅವಳು ಆ ಕೆರೆಯ ದಡದಲ್ಲೇ ಇದ್ದಳು.

ಮತ್ತೆ ಫೆಬ್ರವರಿ, ಮತ್ತೆ ನಕ್ಷೆ. ಫೋನಿನಲ್ಲಿ ಕೆಸ್ಲರ್, ಈ ಸಲ ತಮ್ಮನನ್ನೂ ಕರೆತರುತ್ತಾನಂತೆ. ಹೆಡ್ಲಿ ಫೋನಿನ ಬಾಯಿಗೆ ಕೈ ಮುಚ್ಚಿ, "ಅದೇ ಕೂಗು ಬೇಕಂತೆ," ಎಂದ, ನೆಲ ನೋಡುತ್ತಾ.

ಟ್ರಿಫಿ ಹಿಟ್ಟಿನ ಕೈಯಲ್ಲೇ ಫೋನು ಇಸಿದುಕೊಂಡಳು. "ಮಿಸ್ಟರ್ ಕೆಸ್ಲರ್, ಅವತ್ತು ನಾನು ಮೂಸ್ ಕರೀಲಿಲ್ಲ. ನಮ್ಮಕ್ಕ ಸತ್ತೋಗಿದ್ಲು, ಅದಕ್ಕೆ ಅತ್ತಿದ್ದು. ಆ ಥರ ಕೂಗಕ್ಕೆ ನನಗಿದ್ದಿದ್ದು ಒಬ್ಳೇ ಅಕ್ಕ."

ಆ ಕಡೆಯಿಂದ ಕೆಸ್ಲರ್ ಮೆಲ್ಲಗೆ, ನಿಜವಾದ ಮರುಕದಿಂದಲೇ, "ಕ್ಷಮಿಸಿಯಮ್ಮಾ, ನಂಗೆ ಗೊತ್ತಿರ್ಲಿಲ್ಲ," ಎಂದ. ಆಮೇಲೆ, "ಮಾಮೂಲಿ ಕೂಗಾದ್ರೂ ಸಾಕು," ಎಂದ.

ಅವಳು ಫೋನನ್ನು ಗಂಡನ ಕೈಗಿಟ್ಟು ಅವನ ಮುಖವನ್ನೇ ನೋಡಿದಳು. ಹೆಡ್ಲಿಗೆ ಅವಳು ಕೇಳುತ್ತಿರುವುದೇನು ಎಂದು ಚೆನ್ನಾಗಿ ಗೊತ್ತಿತ್ತು. ಅವನ ಕಣ್ಣಲ್ಲಿ ನೀರೂ ಬಂತು. ಅವನು ಕಿಟಕಿಯ ಕಡೆ ತಿರುಗಿದ.

"ಆಗ್ಲಿ ಸಾರ್," ಎಂದ. "ಅಕ್ಟೋಬರ್, ಎರಡನೇ ವಾರ."

ಟ್ರಿಫಿ ನಾದಿದ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ, ಒಲೆಯ ಪಕ್ಕಕ್ಕೆ ಸರಿಸಿಟ್ಟಳು.