ಸವರಿದ ಗುಲಾಬಿಗಳೂ ನಮ್ಮ ಮಾಲಿಯೂ

ಹೆಬ್ಬೆರಳಿನ ಮೇಲೆ ಸಗಣಿ ಒಣಗಿ ಬಿರುಕು ಬಿಟ್ಟಿತ್ತು. ಬಲಗೈಯಲ್ಲಿ ಗಿಡ ಸವರುವ ಕತ್ತರಿ. ದೀಪಾವಳಿ ಕಳೆದ ಮೊದಲ ಸೋಮವಾರ, ಬೆಳಿಗ್ಗೆ ಎಂಟಕ್ಕೆ, ಹಾಸನದ ನಮ್ಮ ಕಚೇರಿಯ ಮಾಲಿಯನ್ನು ನಾನು ಕಂಡದ್ದು ಹೀಗೆ. ದಿನವನ್ನೂ ಹೊತ್ತನ್ನೂ ನನ್ನ ದಿನಚರಿಯಿಂದ ತೆಗೆದುಕೊಂಡಿದ್ದೇನೆ, ನೆನಪನ್ನು ನೆಚ್ಚಿಲ್ಲ.

ಅವರು ಅರಕಲಗೂಡಿನ ಕಡೆಯವರು. ಕಚೇರಿಯ ಮುಂದಿನ ಕಡುಗೆಂಪು ಗುಲಾಬಿಗಳೆಲ್ಲ ಅವರೇ ಕಸಿಮಾಡಿ ಬೆಳೆಸಿದವು. ಬಿಸಿಲಿನಲ್ಲಿ ಕೆಂಪು, ನೆರಳಿನಲ್ಲಿ ಬಹುತೇಕ ಕಪ್ಪು. ಕಸಿಯ ಕೆಳಗೆ ಬುಡದಿಂದ ಎದ್ದ ಕಾಡುಚಿಗುರನ್ನು ಯಾರಾದರೂ ಮೆಚ್ಚಿಕೊಂಡರೆ ಅವರಿಗೆ ನಗು: “ಅದು ಊವ ಬುಡಾಕಿಲ್ಲ ಸಾ, ಬರೀ ಕೊಬ್ತದೆ. ಆಪೀಸಲ್ಲೂ ಅಂಥವ್ರು ಇಲ್ವಾ?”

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೊಂಬೆಗಳು ತುದಿಯಿಂದ ಕಪ್ಪಾಗಿ ಒಣಗತೊಡಗಿದವು. ರೋಗ ಕಸಿಯ ಗಂಟಿಗೆ ಇಳಿಯುವ ಮುನ್ನ ಸವರದಿದ್ದರೆ ಗಿಡ ಉಳಿಯದು. ದೀಪಾವಳಿಯ ಮರುವಾರವೇ ಮಂತ್ರಿಗಳ ಭೇಟಿ. ಅದು ಮುಗಿಯುವವರೆಗೆ ಒಂದು ಕೊಂಬೆಯನ್ನೂ ಮುಟ್ಟಕೂಡದೆಂದು ನಿರ್ದೇಶಕರ ಆದೇಶ. ಆ ಸೋಮವಾರ ನಾವು ಬರುವಷ್ಟರಲ್ಲಿ ಗಿಡಗಳೆಲ್ಲ ಮೊಣಕಾಲೆತ್ತರದ ಮೋಟುಗಳಾಗಿದ್ದವು. ಕತ್ತರಿಸಿದ ಪ್ರತಿ ತುದಿಗೂ ಗಾಯ ಮುಚ್ಚಲು ಸಗಣಿಯ ಬೊಟ್ಟು.

“ಏನಯ್ಯಾ ಇದು? ಮಂತ್ರಿಗಳಿಗೆ ಈ ಕಡ್ಡಿ ತೋರಿಸ್ಲಾ?” ನಿರ್ದೇಶಕರು ಕೂಗಾಡಿದರು.

“ಅವ್ರು ಅರ್ಧ ಗಂಟೆ ಇದ್ದು ಓಯ್ತಾರೆ ಸಾ. ಗಿಡ ಇಲ್ಲೇ ಇರ್ಬೇಕಲ್ಲ? ಊವೇ ಬೇಕು ಅಂದ್ರೆ ಪ್ಲಾಸ್ಟಿಕ್ಕಿಂದು ತರ್ಸಿ. ನೀರಾಕೋ ಕೆಲ್ಸಾನೂ ಉಳೀತದೆ.”

ಕ್ಷಮಾಪಣೆ ಬರೆದುಕೊಡದಿದ್ದರೆ ಹಾಸನ ಬಿಡಬೇಕಾದೀತೆಂದು ನಿರ್ದೇಶಕರು ಎಚ್ಚರಿಸಿದರು. ಗಿಡಮರಗಳ ವಿಷಯಕ್ಕೆ ಕಚೇರಿಯ ತಾಂತ್ರಿಕ ಅಧಿಕಾರಿಯಾಗಿದ್ದ ನಾನೇ ಕರಡು ಬರೆದು ಒಯ್ದೆ. ಮಾಲಿ ಅದನ್ನು ನಿಧಾನವಾಗಿ ಓದಿ, ಮಡಿಸಿ, ನನ್ನ ಜೇಬಿಗೇ ತುರುಕಿದರು.

“ತಪ್ಪು ಮಾಡ್ದೋನು ಬರೀಲಿ ಸಾ. ನಾನು ಗಿಡ ಉಳ್ಸಿವ್ನಿ ಕಣ.”

ವಾರದೊಳಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಆದೇಶ ಕೈಸೇರಿದ ಮರುದಿನ, ಹೊರಡುವ ಮುನ್ನ, ನನ್ನ ಮನೆಗೆ ಬಂದು, ಅದೇ ಗುಲಾಬಿಯ ಕಸಿಗಿಡವೊಂದನ್ನು ಅಂಗಳದಲ್ಲಿ ತಾವೇ ನೆಟ್ಟರು. “ದೀಪಾವಳಿ ಆದ್ಮೇಲೆ ಸವರಿ ಸಾ. ಯಾರು ಬ್ಯಾಡ ಅಂದ್ರೂ ಸವರಿ” ಎಂದರು. ಕಚೇರಿಯ ಮೋಟುಗಳು ಸಂಕ್ರಾಂತಿಗೆ ಮೈತುಂಬ ಹೂಬಿಟ್ಟವು. ಅದನ್ನು ನೋಡಲು ಅವರಿರಲಿಲ್ಲ.

ಅಂದು ನಿರ್ದೇಶಕರೆದುರು ಮಾಲಿಯ ಪರ ವಾದಿಸಿದ್ದೆನೆಂದು ಇಷ್ಟು ವರ್ಷವೂ ಹೇಳಿಕೊಂಡು ಬಂದೆ. ದಿನಚರಿಯಲ್ಲಿ ಆ ಬಗ್ಗೆ ಒಂದಕ್ಷರವಿಲ್ಲ. ಕಳೆದ ತಿಂಗಳು ಮಾಲಿ ತೀರಿಕೊಂಡರು. ಈ ಬರಹದ ತಾರೀಖುಗಳನ್ನು ತಾಳೆ ನೋಡಲು ಹೊಳೆನರಸೀಪುರದಲ್ಲಿರುವ ಅವರ ಮಗಳನ್ನು ವಿಚಾರಿಸಿದೆ. ತಂದೆಯ ಟ್ರಂಕಿನಲ್ಲಿದ್ದ ವರ್ಗಾವಣೆಯ ಕಾಗದಗಳ ಚಿತ್ರವನ್ನು ಆಕೆ ವಾಟ್ಸಾಪ್‌ನಲ್ಲಿ ಕಳಿಸಿದರು. ಆದೇಶಕ್ಕೆ ಲಗತ್ತಿಸಿದ ತಾಂತ್ರಿಕ ಅಭಿಪ್ರಾಯ ಒಂದೇ ಸಾಲಿನದು: “ಗುಲಾಬಿ ಸವರಲು ಇದು ಸಕಾಲವಲ್ಲ.”

ಕೆಳಗಿರುವ ಸಹಿ ನನ್ನದು. ತಾರೀಖು, ಅವರು ನನ್ನ ಅಂಗಳದಲ್ಲಿ ಗಿಡ ನೆಡುವುದಕ್ಕೆ ಎರಡು ದಿನ ಮೊದಲಿನದು.