ಕಾಫಿಗಿಂತ ಮುಂಚೆ ಬಂದ ಸಾಲಾವಳಿ

೧೯೯೮ರ ಮಾತು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಹೊಳೆನರಸೀಪುರದಲ್ಲಿ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದೆ.

ನಮ್ಮ ಜೋಯಿಸರ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಗಂಡು ಹೆಣ್ಣು ಹುಟ್ಟಿದ ದಿನ, ಹೊತ್ತು ಹಾಕಿದರೆ ಸಾಲಾವಳಿ ನೋಡಿ, ಮೂವತ್ತಾರರಲ್ಲಿ ಎಷ್ಟು ಗುಣ ಕೂಡಿತು ಅಂತ ಹೇಳುತ್ತಿತ್ತು. ಅದಕ್ಕೆ ಅರ್ಧ ಗಂಟೆ ಬೇಕಿತ್ತು.

ಒಂದು ಭಾನುವಾರ ನನ್ನ ತಂಗಿಯ ಸಾಲಾವಳಿಗೆ ಅರಕಲಗೂಡಿನ ಗಂಡಿನ ಕಡೆಯವರು ಜೋಯಿಸರ ಮನೆಗೆ ಬರುವವರಿದ್ದರು. ಅರ್ಧ ಗಂಟೆ ಅವರ ಮುಂದೆ ಕೈಕಟ್ಟಿ ಕೂರುವುದು ನನ್ನಿಂದಾಗದ ಕೆಲಸ. ಹಾಸನದ ಗುಜರಿಯಲ್ಲಿ ಒಂದು ಚಿಪ್ ಸಿಕ್ಕಿತು. ಬರೀ ಲೆಕ್ಕ ಮಾಡುವ ಚಿಪ್. ಹಳೇ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಖಾಲಿ ಬಿಟ್ಟಿರುತ್ತಾರೆ, ಕೂರಿಸಿದರೆ ಲೆಕ್ಕ ಬೇಗ ಓಡುತ್ತದೆ ಅಂದ ಗುಜರಿಯವನು. ಶನಿವಾರ ಜೋಯಿಸರ ಡಬ್ಬಿ ಬಿಚ್ಚಿ ಕೂರಿಸಿಯೇಬಿಟ್ಟೆ.

ಜೋಯಿಸರು ತಮ್ಮದೂ ಹೆಂಡತಿಯದೂ ಹಾಕಿ ನೋಡಿದರು. ಒಂದೇ ನಿಮಿಷ!

"ಮೂವತ್ತು ವರ್ಷದ ಸಂಸಾರ ಕಣೋ, ನಿಮಿಷದಲ್ಲಿ ಮುಗಿಸಿಬಿಡ್ತಲ್ಲೋ!" ಅಂತ ನಕ್ಕರು.

ಭಾನುವಾರ ಅರಕಲಗೂಡಿನವರು ಬಂದು ಕೂತರು. ಜೋಯಿಸರ ಹೆಂಡತಿ ಕಾಫಿಗೆ ಹಾಲು ಇಟ್ಟರು. ಹಾಲು ಉಕ್ಕುವ ಮೊದಲೇ ಲೆಕ್ಕ ಬಂತು.

"ಏನ್ ಬಂತು ಸ್ವಾಮಿ?" ಅಂದರು ಗಂಡಿನ ಅಪ್ಪ.

"ಹದಿನೈದು."

"ಅದಿನೆಂಟಾದ್ರೂ ಬೇಕಲ್ವಾ? ಏಳಮ್ಮಿ, ಅನ್ನೊಂದರ ಬಸ್ ಸಿಕ್ತದೆ," ಅಂತ ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

ನಮ್ಮಪ್ಪ ನನ್ನ ಮೇಲೆ ಎಗರಿದರು. "ನಿಂಗ್ಯಾವನ್ಲಾ ಅರ್ಜೆಂಟ್ ಮಾಡು ಅಂದೋನು?"

ಜೋಯಿಸರು ಬೈಯಲಿಲ್ಲ. "ಅದು ಲೆಕ್ಕ ಹಾಕ್ತಿರೋವಾಗ ಬಂದೋರು ಕಾಫಿ ಕುಡೀತಾ ಮಾತಿಗೆ ಬೀಳ್ತಿದ್ರು ಕಣಪ್ಪ. ಆಮೇಲೆ ಎರಡು ಮೂರು ಗುಣ ಕಮ್ಮಿ ಬಂದ್ರೂ ಒಂದು ಶಾಂತಿ ಮಾಡಿಸಿ ಅಂದ್ರೆ ಒಪ್ಪೋರು. ನನಗೂ ಇವತ್ತೇ ತಿಳಿದದ್ದು," ಅಂದರು.

ನನಗೆ ತಲೆ ಕೆಟ್ಟುಹೋಯಿತು. ಗುಣ ನಿಜವಾದರೆ ಕಾಫಿ ಯಾಕೆ? ಸುಳ್ಳಾದರೆ ಕಂಪ್ಯೂಟರ್ ಯಾಕೆ? ಚಿಪ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಮನೆಗೆ ಹೋಗಿ ತಂಗಿಯ ಮುಂದೆ ತಲೆ ತಗ್ಗಿಸಿ ನಿಂತೆ. ಅವಳು, "ಒಂದು ಲೋಟ ಕಾಫಿ ಬರೋಗಂಟ ಕೂರ್ದೇ ಇರೋರ ಮನೇಲಿ ನಾನೇನ್ ಬಾಳ್ಲಿ, ಬುಡಣ್ಣೋ," ಅಂದಳು. ಆದರೆ ಅವರು ನೋಡಲು ಬರುತ್ತಾರೆಂದು ಉಟ್ಟಿದ್ದ ಸೀರೆಯನ್ನು ಸಂಜೆಯವರೆಗೂ ಬದಲಾಯಿಸಲಿಲ್ಲ.

ಆರು ತಿಂಗಳಾದ ಮೇಲೆ ದಂಡಿಗನಹಳ್ಳಿಯವರು ಬಂದರು. ಅದೇ ಜೋಯಿಸರು, ಚಿಪ್ ಇಲ್ಲದ ಅದೇ ಕಂಪ್ಯೂಟರ್. ಅರ್ಧ ಗಂಟೆ ನಾನು ಕಾಲು ಕುಣಿಸುತ್ತಾ ಕೂತಿದ್ದೆ. ಗಂಡಿನ ಅಮ್ಮ ಮತ್ತು ನಮ್ಮವ್ವ ಮಂಡಿ ನೋವಿನಿಂದ ಶುರು ಮಾಡಿ ಹಸು ಕರು ಹಾಕಿದ್ದರವರೆಗೂ ಹೋದರು.

ಲೆಕ್ಕ ಬಂತು. ಹದಿನಾಲ್ಕು. ಮೊದಲಿಗಿಂತ ಒಂದು ಕಮ್ಮಿ!

ಗಂಡಿನ ಅಮ್ಮ ತಿರುಗಿಯೂ ನೋಡಲಿಲ್ಲ. "ಒಂದ್ ಶಾಂತಿ ಮಾಡ್ಸಿದ್ರಾಯ್ತು ಬುಡಿ ಸ್ವಾಮಿ. ಊಂ, ಆಮೇಲೇನಾಯ್ತಕ್ಕಾ ಆ ಕರೂಗೆ?" ಅಂತ ಮಾತು ಮುಂದುವರಿಸಿದರು.

ತಂಗಿ ಅಲ್ಲಿ ಚೆನ್ನಾಗಿದ್ದಾಳೆ. ನನಗೆ ಮಾತ್ರ ಇವತ್ತಿಗೂ ಅರ್ಥವಾಗಿಲ್ಲ. ನಾನು ಮಾಡಿದ ರಿಪೇರಿಯಲ್ಲಿ ತಪ್ಪಿರಲಿಲ್ಲ, ಲೆಕ್ಕದಲ್ಲೂ ತಪ್ಪಿರಲಿಲ್ಲ. ಮತ್ತೆ ತಪ್ಪಿದ್ದೆಲ್ಲಿ? ಚಿಪ್ ಇನ್ನೂ ಅಂಗಡಿಯ ಡ್ರಾಯರಿನಲ್ಲಿದೆ. ಯಾರಾದರೂ ಏನನ್ನಾದರೂ ತಂದು "ಭಾಳ ಸ್ಲೋ ಕಣಣ್ಣ" ಅಂದರೆ, "ಬೇಗ ಓಡಲೇಬೇಕಾ?" ಅಂತ ಕೇಳುತ್ತೇನೆ. ಇವನಿಗೇನೋ ಆಗಿದೆ ಅನ್ನುವ ಹಾಗೆ ಮುಖ ನೋಡುತ್ತಾರೆ.